ಹತ್ತು ಲಕ್ಷಕ್ಕೆ ಆರು ಎಂದರೆ ನಮ್ಮ ಜಿಲ್ಲೆಗೆ ಎಷ್ಟು? ಔಷಧಿಯ ಅಪರೂಪದ ಅಪಾಯವನ್ನು ಲೆಕ್ಕ ಹಾಕುವ ಬಗೆ

ಮಾನ್ವಿ ಕಡೆಯ ರೈತರೊಬ್ಬರು ಕಳೆದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಔಷಧದಂಗಡಿಗೆ ಬಂದು ಮೊಬೈಲನ್ನು ಮುಂದೆ ಹಿಡಿದರು. ಪರದೆಯ ಮೇಲೆ ಮೈತುಂಬ ಚರ್ಮ ಸುಲಿದ ರೋಗಿಯ ಚಿತ್ರ, ಅದರ ಕೆಳಗೆ ಅವರ ಮಗಳು ಮೂರು ವರ್ಷಗಳಿಂದ ಫಿಟ್ಸ್‌ಗೆ ನುಂಗುತ್ತಿರುವ ಕಾರ್ಬಮಜೆಪಿನ್ ಮಾತ್ರೆಯ ಹೆಸರು. "ಅಕ್ಕಾ, ಇದನ್ನು ನೋಡಿದ ದಿನವೇ ಗುಳಿಗೆ ನಿಲ್ಲಿಸಿಬಿಟ್ಟೆವು" ಎಂದರು. ನಾಲ್ಕನೆಯ ದಿನ ನೀರಿನ ತೊಟ್ಟಿಯ ಬಳಿ ಹುಡುಗಿಗೆ ಫಿಟ್ಸ್ ಬಂದು ಹಣೆಗೆ ಐದು ಹೊಲಿಗೆ ಬಿದ್ದಿದ್ದವು. ಚಿತ್ರದಲ್ಲಿದ್ದ ರೋಗ ನಿಜ, ಆ ಮಾತ್ರೆಯಿಂದ ಅದು ಬರುವುದೂ ನಿಜ. ಎಷ್ಟು ಜನಕ್ಕೆ, ಯಾವಾಗ ಬರುತ್ತದೆ ಎಂಬ ಲೆಕ್ಕವನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ತಿಂಗಳು ಹಳ್ಳಿಯೊಂದರಲ್ಲಿ ಅಂಗಡಿ ಇಟ್ಟಿರುವ ಹಿರಿಯರು ಇದಕ್ಕೆ ವಿರುದ್ಧವಾದ ಮಾತು ಆಡಿದರು: "ಮೂವತ್ತು ವರ್ಷ ಗುಳಿಗೆ ಮಾರಿದ್ದೇನೆ, ಇಂಥದ್ದು ಒಂದೂ ನೋಡಿಲ್ಲ. ಅದೆಲ್ಲ ಪುಸ್ತಕದ ಕಾಯಿಲೆ." ಇಬ್ಬರದೂ ಲೆಕ್ಕ ತಪ್ಪಿದೆ. ಸರಿಯಾಗಿ ಲೆಕ್ಕ ಹಾಕುವುದಕ್ಕೆ ಏಳನೆಯ ತರಗತಿಯ ಗಣಿತ ಸಾಕು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಮೊಬೈಲಿನ ಕ್ಯಾಲ್ಕುಲೇಟರ್ ಬೇಡವೇ ಬೇಡ. ಒಂದು ಸೊನ್ನೆ ಹೆಚ್ಚು ಒತ್ತಿದರೂ ಅದು ಕಣ್ಣಿಗೆ ಬೀಳುವುದಿಲ್ಲ, ಕಾಗದದ ಮೇಲಾದರೆ ಬೀಳುತ್ತದೆ.

ಹೆಜ್ಜೆ 1: ಏನನ್ನು ಎಣಿಸುತ್ತೀರಿ ಎಂದು ಮೊದಲು ಬರೆಯಿರಿ

ಮಾತ್ರೆ ನುಂಗಿದ ಮೇಲೆ ಮೈ ತುರಿಸುವುದು, ಸಣ್ಣ ದದ್ದು ಏಳುವುದು ಸಾಮಾನ್ಯ. ಅವು ಈ ಎಣಿಕೆಯಲ್ಲಿ ಸೇರುವುದಿಲ್ಲ. ನಾವು ಎಣಿಸುವುದು ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ ಮತ್ತು ಅದರ ಉಗ್ರ ರೂಪವಾದ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್ ಎರಡನ್ನೇ. ಮೊದಲನೆಯದನ್ನು 1922ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ವೈದ್ಯರು ಇಬ್ಬರು ಹುಡುಗರಲ್ಲಿ ಕಂಡು ಬರೆದರು. ಎರಡನೆಯದಕ್ಕೆ 1956ರಲ್ಲಿ ಲೈಲ್ ಎಂಬ ವೈದ್ಯರು ಹೆಸರಿಟ್ಟರು. ಮೊದಲು ಜ್ವರ, ಗಂಟಲು ನೋವು, ಕಣ್ಣುರಿ. ಆಮೇಲೆ ತುಟಿ, ಬಾಯಿ, ಕಣ್ಣು, ಮೂತ್ರದ ದ್ವಾರಗಳಲ್ಲಿ ಹುಣ್ಣು. ಚರ್ಮ ಮುಟ್ಟಿದರೆ ನೋಯುತ್ತದೆ, ಗುಳ್ಳೆಯೆದ್ದು ಒದ್ದೆ ಕಾಗದದಂತೆ ಜಾರಿ ಬರುತ್ತದೆ. ರೋಗಿಯ ಅಂಗೈ, ಬೆರಳುಗಳೂ ಸೇರಿ, ಮೈಯ ಸುಮಾರು ಶೇ 1ರಷ್ಟು. ಸುಲಿದ ಜಾಗ ಅಂಥ ಹತ್ತು ಅಂಗೈಗಿಂತ ಕಡಿಮೆ ಇದ್ದರೆ ಸ್ಟೀವನ್ಸ್–ಜಾನ್ಸನ್, ಮೂವತ್ತನ್ನು ಮೀರಿದರೆ ನೆಕ್ರೊಲಿಸಿಸ್, ನಡುವಿನದು ಎರಡರ ಬೆರಕೆ. ಸ್ಟೀವನ್ಸ್–ಜಾನ್ಸನ್‌ನಲ್ಲಿ ಹತ್ತರಲ್ಲಿ ಒಬ್ಬರವರೆಗೆ ಸಾಯುತ್ತಾರೆ. ನೆಕ್ರೊಲಿಸಿಸ್‌ನಲ್ಲಿ ಹತ್ತರಲ್ಲಿ ಮೂವರು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ನಮ್ಮ ಕಡೆ ಇದನ್ನು 'ಅಮ್ಮ' ಎಂದೋ, ಬಿಸಿಲಿನ ಉಷ್ಣ ಎಂದೋ ಭಾವಿಸಿ ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ. ಹಾಗೆ ಮಲಗಿಸಿದ ಮನೆಯಲ್ಲಿ ಆ ಮಾತ್ರೆಯೂ ಮುಂದುವರಿಯುತ್ತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಮಾತ್ರೆ ಶುರುವಾದ ಮೇಲೆ ಬಾಯಿಹುಣ್ಣು, ಗುಳ್ಳೆ, ನೋಯುವ ಚರ್ಮ ಒಟ್ಟಿಗೆ ಕಂಡರೆ ಮುಂದಿನ ಗುಳಿಗೆ ನುಂಗುವ ಮುನ್ನ, ಅದೇ ದಿನ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಾರಣವಾದ ಔಷಧಿ ಎಷ್ಟು ಬೇಗ ನಿಲ್ಲುತ್ತದೋ ಬದುಕುವ ಸಾಧ್ಯತೆ ಅಷ್ಟು ಹೆಚ್ಚು.

ಹೆಜ್ಜೆ 2: ದರ ತೆಗೆದುಕೊಳ್ಳಿ

ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 6. ಜರ್ಮನಿಯಲ್ಲಿ ಒಂದೊಂದು ಪ್ರಕರಣವನ್ನೂ ತಜ್ಞರು ಪರಿಶೀಲಿಸಿ ದಾಖಲಿಸುತ್ತಾರೆ, ಅಲ್ಲಿ ಸುಮಾರು 2 ಬಂದಿದೆ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ದಾಖಲೆಗಳಿಂದ ಎಣಿಸಿದಾಗ ಸುಮಾರು 6. ರೋಗ ಒಂದೇ, ಎಣಿಸುವ ರೀತಿ ಬೇರೆ. ಹಾಗಾಗಿ ಒಂದೇ ಅಂಕಿ ಹಿಡಿಯಬೇಡಿ, ಎರಡೂ ತುದಿಗಳನ್ನು ಬರೆದುಕೊಳ್ಳಿ.

ಹೆಜ್ಜೆ 3: ಜಿಲ್ಲೆಯ ಜನಸಂಖ್ಯೆಯಿಂದ ಗುಣಿಸಿ

2011ರ ಜನಗಣತಿಯಂತೆ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ 24.5 ಲಕ್ಷ, ರಾಯಚೂರಿನಲ್ಲಿ 19.3 ಲಕ್ಷ, ಕೊಪ್ಪಳದಲ್ಲಿ 13.9 ಲಕ್ಷ ಜನ. ಹತ್ತು ಲಕ್ಷದಿಂದ ಭಾಗಿಸಿ 2ರಿಂದಲೂ 6ರಿಂದಲೂ ಗುಣಿಸಿದರೆ ವರ್ಷಕ್ಕೆ ಬಳ್ಳಾರಿಯಲ್ಲಿ 5ರಿಂದ 15, ರಾಯಚೂರಿನಲ್ಲಿ 4ರಿಂದ 12, ಕೊಪ್ಪಳದಲ್ಲಿ 3ರಿಂದ 8. ಮೂರೂ ಸೇರಿ 12ರಿಂದ 35 ಜನ. ಈಗ ಜನಸಂಖ್ಯೆ ಬೆಳೆದಿರುವುದರಿಂದ ಇದನ್ನು ಕನಿಷ್ಠ ಅಂದಾಜು ಎಂದೇ ಇಟ್ಟುಕೊಳ್ಳಿ. 'ಪುಸ್ತಕದ ಕಾಯಿಲೆ'ಯಿಂದ ನಮ್ಮ ಮೂರು ಜಿಲ್ಲೆಗಳಲ್ಲಿ ಸರಾಸರಿ ತಿಂಗಳಿಗೊಬ್ಬರಾದರೂ ನರಳುತ್ತಾರೆ.

ಹೆಜ್ಜೆ 4: ಭಾಗಿಸುವ ಸಂಖ್ಯೆ ಯಾರದು?

ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲಿ. ಓದಿದವರೂ ಎಡವುತ್ತಾರೆ. ಅದಕ್ಕೇ ಇಲ್ಲಿ ನಿಧಾನ ಮಾಡೋಣ.

ಎರಡು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯಿರಿ. ಒಂದು: "ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 6." ಎರಡು: "ಕಾರ್ಬಮಜೆಪಿನ್ ಹೊಸದಾಗಿ ಶುರು ಮಾಡಿದ ಹತ್ತು ಸಾವಿರ ಜನರಲ್ಲಿ 1ರಿಂದ 6." ಎರಡನೆಯದು ಆ ಔಷಧಿಯ ಅಧಿಕೃತ ಮಾಹಿತಿ ಪತ್ರದಲ್ಲಿರುವ ಅಂಕಿ, ಹೆಚ್ಚಾಗಿ ಬಿಳಿಯರಿರುವ ದೇಶಗಳದ್ದು. ರೋಗಿಗಳ ಅಂಕಿಗಳು (2ರಿಂದ 6, 1ರಿಂದ 6) ಒಂದೇ ಥರ ಕಾಣುತ್ತವೆ, ಭಾಗಿಸುವ ಸಂಖ್ಯೆಗಳ (ಹತ್ತು ಲಕ್ಷ, ಹತ್ತು ಸಾವಿರ) ನಡುವೆ ನೂರು ಪಟ್ಟು ಅಂತರ. ಮೊದಲ ಸಾಲಿನ ಹತ್ತು ಲಕ್ಷದಲ್ಲಿ ತೊಟ್ಟಿಲ ಕೂಸೂ ಇದೆ, ಜನ್ಮದಲ್ಲಿ ಒಂದು ಮಾತ್ರೆ ನುಂಗದ ಅಜ್ಜನೂ ಇದ್ದಾರೆ. ಎರಡನೆಯ ಸಾಲಿನಲ್ಲಿ ಆ ಗುಳಿಗೆ ನುಂಗಿದವರು ಮಾತ್ರ ಇದ್ದಾರೆ. ವೈದ್ಯರು ಇವತ್ತು ನಿಮ್ಮ ಮಗನಿಗೆ ಫಿಟ್ಸ್ ಮಾತ್ರೆ ಬರೆದುಕೊಟ್ಟರೆ ನೀವು ನೋಡಬೇಕಾದ್ದು ಎರಡನೆಯ ಸಾಲನ್ನು. "ಹತ್ತು ಲಕ್ಷಕ್ಕೆ ಎರಡಂತೆ, ಬಿಡಿ" ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

'ಹೊಸದಾಗಿ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆಯಿರಿ. ಈ ರೋಗ ಹೆಚ್ಚಾಗಿ ಮಾತ್ರೆ ಶುರುವಾದ ನಾಲ್ಕನೆಯ ದಿನದಿಂದ ನಾಲ್ಕು ವಾರಗಳೊಳಗೆ ಬರುತ್ತದೆ. ಎಂಟು ವಾರ ಕಳೆದ ಮೇಲೆ ತೀರಾ ವಿರಳ. ಮಾನ್ವಿಯ ಆ ಹುಡುಗಿ ಮೂರು ವರ್ಷ ನುಂಗಿದ್ದಳು. ಅವಳ ಮಟ್ಟಿಗೆ ಆ ಬಾಗಿಲು ಎಂದೋ ಮುಚ್ಚಿಹೋಗಿತ್ತು, ಮಾತ್ರೆ ಬಿಟ್ಟರೆ ಫಿಟ್ಸ್ ಬರುವ ಬಾಗಿಲು ಮಾತ್ರ ತೆರೆದೇ ಇತ್ತು. ಬಿಟ್ಟ ಮಾತ್ರೆಯನ್ನು ಮತ್ತೆ ಶುರು ಮಾಡುವುದಕ್ಕೂ ವೈದ್ಯರೇ ಹೇಳಬೇಕು. ಫಿಟ್ಸ್‌ಗೇ ಕೊಡುವ ಲಾಮೊಟ್ರಿಜಿನ್‌ನಂಥ ಮಾತ್ರೆಯನ್ನು ಕೆಲವು ದಿನ ಬಿಟ್ಟು ಒಮ್ಮೆಲೇ ಹಳೆಯ ಪ್ರಮಾಣದಿಂದ ಶುರು ಮಾಡಿದರೆ ಇದೇ ಚರ್ಮದ ಅಪಾಯ ಏರುತ್ತದೆ.

ಇನ್ನೊಂದು ಸುತ್ತು ಇದೆ. ಏಷ್ಯಾದ ಕೆಲವು ದೇಶಗಳಲ್ಲಿ ಆ '1ರಿಂದ 6' ಸುಮಾರು ಹತ್ತು ಪಟ್ಟಾಗುತ್ತದೆ. ಕಾರಣ ಎಚ್‌ಎಲ್‌ಎ-ಬಿ 15:02 ಎಂಬ ವಂಶವಾಹಿ. 2004ರಲ್ಲಿ ತೈವಾನಿನ ಸಂಶೋಧಕರು ಪರೀಕ್ಷಿಸಿದ, ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್–ಜಾನ್ಸನ್ ಬಂದ 44 ರೋಗಿಗಳಲ್ಲಿ 44 ಜನರಲ್ಲೂ ಅದು ಇತ್ತು. ಭಾರತೀಯರಲ್ಲಿ ಅದು ಸರಾಸರಿ ಶೇ 2ರಿಂದ 4ರಷ್ಟು ಜನರಲ್ಲಿದೆ, ಕೆಲವು ಸಮುದಾಯಗಳಲ್ಲಿ ಹೆಚ್ಚು. ಅಂದರೆ ಅಪಾಯ ಎಲ್ಲರ ಮೇಲೂ ಸಮವಾಗಿ ಹಂಚಿಹೋಗಿಲ್ಲ. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಕಾರ್ಬಮಜೆಪಿನ್ ಶುರು ಮಾಡುವ ಮುನ್ನ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳೂ ಎಚ್ಚರ ಬೇಡುವ ಪಟ್ಟಿಯಲ್ಲಿವೆ. ಯೂರಿಕ್ ಆಮ್ಲ ತುಸು ಏರಿದ್ದಕ್ಕೆ, ನೋವೇ ಇಲ್ಲದವರು ಪಕ್ಕದ ಮನೆಯವರ ಚೀಟಿ ತೋರಿಸಿ ಅಲೋಪ್ಯೂರಿನಾಲ್ ಕೇಳುತ್ತಾರೆ. ನಾನು ಕೊಡುವುದಿಲ್ಲ.

ಸಂತೆಯಲ್ಲಿ ಮಂಡಿನೋವಿಗೆಂದು ಮಾರುವ ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ಮುಟ್ಟಲೇಬೇಡಿ. ಒಳಗೇನಿದೆ ಎಂದು ಗೊತ್ತಿಲ್ಲದ ಮೇಲೆ ಅಪಾಯವನ್ನು ಎಣಿಸುವುದು ಹೇಗೆ? ಮೈ ಸುಲಿದಾಗ ವೈದ್ಯರು ಯಾವುದನ್ನು ನಿಲ್ಲಿಸಬೇಕು?

ಹೆಜ್ಜೆ 5: 'ಒಂದೂ ನೋಡಿಲ್ಲ' ಎಂಬುದನ್ನು ತೂಗಿ

ಹಿರಿಯರ ಊರಿನಲ್ಲಿ 5,000 ಜನ, 30 ವರ್ಷ. ಗುಣಿಸಿದರೆ 1,50,000. ಹತ್ತು ಲಕ್ಷಕ್ಕೆ 5ರ ದರ ಹಿಡಿದರೆ ಅಷ್ಟು ದೀರ್ಘ ಕಾಲದಲ್ಲಿ ಆ ಊರಿಗೆ ಬರಬೇಕಾದದ್ದು ಮುಕ್ಕಾಲು ರೋಗಿ. ಅಂಥ ನೂರು ಊರುಗಳಿದ್ದರೆ ಸುಮಾರು 47 ಊರುಗಳಲ್ಲಿ 30 ವರ್ಷವೂ ಒಂದೂ ಕಾಣಿಸುವುದಿಲ್ಲ. ಅವರು ಸುಳ್ಳು ಹೇಳಿಲ್ಲ, ಆ 47ರಲ್ಲಿ ಒಂದು ಊರಿನಲ್ಲಿ ಕುಳಿತಿದ್ದಾರೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಸೂತ್ರವಿದೆ: ಒಂದೂ ಕಾಣದಿದ್ದಾಗ 3ನ್ನು ಒಟ್ಟು ಎಣಿಕೆಯಿಂದ ಭಾಗಿಸಿ, ದರ ಅದಕ್ಕಿಂತ ಹೆಚ್ಚಿರಲಾರದು ಎಂದು ಬಹುಮಟ್ಟಿಗೆ ಹೇಳಬಹುದು. 3ನ್ನು 1,50,000ದಿಂದ ಭಾಗಿಸಿದರೆ ಹತ್ತು ಲಕ್ಷಕ್ಕೆ 20. ಬ್ರಿಟನ್ನಿನ 6 ಅದರೊಳಗೇ ಆರಾಮವಾಗಿ ಕೂರುತ್ತದೆ.

ಹೆಜ್ಜೆ 6: ಆಸ್ಪತ್ರೆಯ ಅಂಕಿಯನ್ನು ಜಿಲ್ಲೆಯ ಅಂಕಿ ಎನ್ನಬೇಡಿ

ಬಳ್ಳಾರಿಯ ಆಸ್ಪತ್ರೆಗಳಿಗೆ ಗಡಿಯಾಚೆಯ ಆಂಧ್ರದ ಊರುಗಳಿಂದಲೂ ರೋಗಿಗಳು ಬರುತ್ತಾರೆ. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ ಹೋಗುತ್ತಾರೆ. ಒಂದು ಆಸ್ಪತ್ರೆಯ ರೋಗಿಗಳನ್ನು ಒಂದು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರ ಯಾವ ಊರಿನದ್ದೂ ಅಲ್ಲ.

ಹೆಜ್ಜೆ 7: ಗೋಡೆಯ ಕ್ಯಾಲೆಂಡರ್

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಕ್ಯಾಲೆಂಡರಿನಲ್ಲೇ ಹೊಸ ಮಾತ್ರೆ ಶುರುವಾದ ದಿನವನ್ನೂ ಬರೆಯಿರಿ, ಅಲ್ಲಿಂದ ಎಂಟು ವಾರಕ್ಕೆ ಒಂದು ಗುರುತು ಹಾಕಿ. ಮಾತ್ರೆಯ ಹಾಳೆಯನ್ನು ಹೆಸರು ಇರುವ ತುದಿಯಿಂದ ಕತ್ತರಿಸಿಕೊಡಲು ಅಂಗಡಿಯಲ್ಲಿ ಬಿಡಬೇಡಿ. ರೋಗಿಯ ಜೊತೆ ಬಂದವರು ಬರೀ "ಬಿಳಿ ಗುಳಿಗೆ, ದುಂಡಗಿದೆ" ಎಂದು ಹೇಳುತ್ತಾ ನಿಂತಿದ್ದನ್ನು ನಾನು ಕಂಡಿದ್ದೇನೆ.

ಇಂಥದ್ದು ಮನೆಯಲ್ಲಿ ಆದರೆ ವರದಿ ಮಾಡಿ. 2010ರಲ್ಲಿ ಆರಂಭವಾದ ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ರೋಗಿಯ ಮನೆಯವರೂ 1800-180-3024 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಕರೆಗೆ ಮುನ್ನ ಮೂರು ಸಂಗತಿ ಕೈಯಲ್ಲಿರಲಿ: ಹಾಳೆಯ ಮೇಲಿನ ಔಷಧಿಯ ಹೆಸರು, ಶುರು ಮಾಡಿದ ದಿನ, ಮೊದಲ ಹುಣ್ಣು ಕಂಡ ದಿನ. ಬದುಕಿ ಮನೆಗೆ ಬಂದವರ ಆಧಾರ್ ಕಾರ್ಡಿನ ಜೊತೆಯಲ್ಲೇ ಆ ಔಷಧಿಯ ಹೆಸರು ಬರೆದ ಚೀಟಿಯೂ ಇರಬೇಕು. ಹಲ್ಲಿನ ವೈದ್ಯರಿರಲಿ, ಜಾತ್ರೆಯ ಆರೋಗ್ಯ ಶಿಬಿರವಿರಲಿ, ಮೊದಲು ಆ ಚೀಟಿ ತೋರಿಸಿ.