ವಾಗ್ದಾನ ವಚನ ಗೋಡೆಯ ಮೇಲಿದೆ, ಗುರಿ ಎಲ್ಲಿದೆ?

ಡಿಸೆಂಬರ್ 31ರ ರಾತ್ರಿ ಸಭೆಯ ಆರಾಧನೆಯಲ್ಲಿ ಸಿಕ್ಕ ವಾಗ್ದಾನ ವಚನದ, ಅಂದರೆ ಹೊಸ ವರ್ಷಕ್ಕೆಂದು ಕೊಡುವ ಬೈಬಲ್ ವಾಕ್ಯದ ಚೀಟಿ ಕ್ಯಾಲೆಂಡರಿನ ಪಕ್ಕ ಅಂಟುತ್ತದೆ. ಫೆಬ್ರವರಿ ಬರುವಷ್ಟರಲ್ಲಿ ಅದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಆ ವಚನಕ್ಕೂ ಸೋಮವಾರ ಮುಂಜಾನೆಯ ಕೆಲಸಕ್ಕೂ ಯಾರೂ ಕೊಂಡಿ ಹಾಕಿರುವುದಿಲ್ಲ. ಹಾಕುವುದು ಹೀಗೆ.

ಬೇಕಾದದ್ದು 100 ಪುಟದ ಒಂದು ನೋಟ್‌ಬುಕ್, ಪೆನ್ನು, ಸತ್ಯವೇದ (ಬೈಬಲ್), ಭಾನುವಾರ ಮಧ್ಯಾಹ್ನದ 40 ನಿಮಿಷ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊದಲು ಪ್ರಾರ್ಥನೆ, ಆಮೇಲೆ ದೇವರ ಸಂಗಡ ನಡೆ, ಮನೆ, ದುಡಿಮೆ-ಹಣ, ದೇಹ, ಈ ನಾಲ್ಕೂ ಈಗ ಹೇಗಿವೆ ಎಂದು ಎರಡೆರಡು ಸಾಲು ಬರೆಯಿರಿ. ಅದರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಹಿಡಿದವರು ಸಾಮಾನ್ಯವಾಗಿ ಮೂರನೇ ವಾರಕ್ಕೆ ನಾಲ್ಕನ್ನೂ ಬಿಟ್ಟಿರುತ್ತಾರೆ.

ನೋಟ್‌ಬುಕ್ಕಿನ ಎಡಪುಟ ಪ್ರಾರ್ಥನೆಗೆ, ಬಲಪುಟ ಲೆಕ್ಕಕ್ಕೆ. 'ಪಿಎಸ್‌ಐ ಆಗಬೇಕು' ಎಂಬುದು ಎಡಪುಟದ ಮಾತು. ಆಯ್ಕೆ ನಿಮ್ಮ ಕೈಯಲ್ಲಿಲ್ಲ. 'ದಿನಕ್ಕೆ 40 ಲೆಕ್ಕ, ಶನಿವಾರ ಒಂದು ಹಳೆ ಪ್ರಶ್ನೆಪತ್ರಿಕೆ' ಎಂಬುದು ಬಲಪುಟದ್ದು. ಧಾರವಾಡದ ಓದುಕೋಣೆಗಳಲ್ಲಿ ವರ್ಷಗಟ್ಟಲೆ ಕೂರುವವರು ಇದೊಂದನ್ನು ಬೇರ್ಪಡಿಸಿಕೊಂಡರೂ ಎದೆಯ ಭಾರ ಅರ್ಧ ಇಳಿಯುತ್ತದೆ. ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ಹೇಳುವ 'ಕರ್ತನ ಚಿತ್ತವಾದರೆ' ಎಂಬ ಮಾತು ಎಡಪುಟಕ್ಕೆ ಸೇರಿದ್ದು. ಅದನ್ನು ಬಲಪುಟಕ್ಕೆ ತಂದು ಓದು ತಪ್ಪಿಸಲು ನೆಪ ಮಾಡಿಕೊಳ್ಳಬೇಡಿ.

ಬಲಪುಟಕ್ಕೆ ಲೂಕ 14:28 ಸಾಕು: ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುತ್ತಾನೆ. ಸ್ವಸಹಾಯ ಸಂಘದ 24,000 ರೂಪಾಯಿ ಸಾಲವನ್ನು 10 ತಿಂಗಳಲ್ಲಿ ತೀರಿಸಬೇಕೆಂದರೆ ಬಡ್ಡಿ ಬಿಟ್ಟು ತಿಂಗಳಿಗೆ 2,400 ಬೇಕು. ಹೊರಗಿನ ಚಹಾ-ನಾಷ್ಟಾಕ್ಕೆ ದಿನಕ್ಕೆ 60 ಹೋಗುತ್ತಿದ್ದು, ಅದನ್ನು 20ಕ್ಕೆ ಇಳಿಸಿದರೆ 26 ದಿನಕ್ಕೆ ಉಳಿಯುವುದು 1,040. ಉಳಿದ 1,360 ಎಲ್ಲಿಂದ? ಉತ್ತರ ಸಿಗದೆ ಎಲ್ಲಾ ಸೇರಿ 1,500 ಮಾತ್ರ ಆಗುವುದಾದರೆ, ಗುರಿ 16 ತಿಂಗಳು ಎಂದು ಬರೆಯಿರಿ. ಕಡಿಮೆ ವಿಶ್ವಾಸ ಎಂದು ಯಾರೂ ಅನ್ನುವುದಿಲ್ಲ. ಬ್ಯಾಡಗಿ ಸುತ್ತಿನ ಮೆಣಸಿನಕಾಯಿ ಬೆಳೆಗಾರರ ಮನೆಗೆ ಈ ತಿಂಗಳ ಕಂತೇ ಹೊಂದುವುದಿಲ್ಲ. ಮಾರುಕಟ್ಟೆಗೆ ಮಾಲು ಹೋದಾಗ ಬರುವ ಹಣದಲ್ಲಿ ಎಷ್ಟು ಪಾಲು ಎತ್ತಿಡುವುದು ಎಂದು ಮೊದಲೇ ಗೊತ್ತುಮಾಡಬೇಕು. ಅವರ ವರ್ಷ ಜನವರಿ 1ಕ್ಕಲ್ಲ, ಮಾರಾಟದ ದಿನ ಶುರುವಾಗುತ್ತದೆ.

ಇನ್ನು ದಿನದ ಅರಿಕೆ, ಅಂದರೆ ವಚನ ಹಿಡಿದು ನಮಗೆ ನಾವೇ ಹೇಳಿಕೊಳ್ಳುವ ಮಾತು. ಇದಕ್ಕೆ ಮೂರೇ ಸಾಲು: ವಾಕ್ಯ ಏನನ್ನುತ್ತದೆ, ನಾನು ಇವತ್ತು ಏನು ಮಾಡುತ್ತೇನೆ, ಉಳಿದದ್ದು ಯಾರ ಕೈಯಲ್ಲಿ. ಓದುವವರಿಗೆ 2 ತಿಮೊಥೆ 1:7 ಹಿಡಿದು ಹೀಗೆ: 'ದೇವರು ಕೊಟ್ಟದ್ದು ಹೇಡಿತನದ ಆತ್ಮವಲ್ಲ. ಇವತ್ತು ಆರಕ್ಕೆ ಕುಳಿತು 40 ಲೆಕ್ಕ ಬಿಡಿಸುತ್ತೇನೆ. ಫಲ ನಿನ್ನದು, ಕರ್ತನೇ.' ತುಟಿ ಅಲುಗುವಂತೆ ಎರಡು ಸಲ, ಮೊಬೈಲ್ ಮುಟ್ಟುವ ಮೊದಲು. ರಾತ್ರಿ ಮತ್ತೊಮ್ಮೆ.

ಗಡಿಯಾರಕ್ಕಿಂತ ಒಂದು ಕೆಲಸಕ್ಕೆ ಕಟ್ಟಿದರೆ ಮರೆಯುವುದಿಲ್ಲ. ರೊಟ್ಟಿಯ ಹಂಚು ಒಲೆಗೆ ಏರಿದ ಕೂಡಲೇ, ಅಥವಾ ಹುಬ್ಬಳ್ಳಿ-ಧಾರವಾಡ ಓಡಾಡುವವರಿಗೆ ಚಿಗರಿ ಬಸ್ಸಿನ ಬಾಗಿಲು ಮುಚ್ಚಿದ ಕೂಡಲೇ. ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಪಕ್ಕದವರು ಗಾಬರಿಯಾದಾರು.

ಹೆಚ್ಚಿನವರು ಎಡವುವುದು ವಾಕ್ಯದ ಆಯ್ಕೆಯಲ್ಲಿ. ಯೆರೆಮೀಯ 29:11 ಎಲ್ಲರ ಅಚ್ಚುಮೆಚ್ಚು. ಆದರೆ ಅದು ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಪತ್ರ, ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಮುಂದಿನ ತಿಂಗಳ ಫಲಿತಾಂಶಕ್ಕೆ ಅದನ್ನು ಗ್ಯಾರಂಟಿ ಮಾಡಿಕೊಳ್ಳಲಾಗದು. ಫಿಲಿಪ್ಪಿ 4:13 ಕೂಡ ಹಾಗೆಯೇ. ಅದರ ಹಿಂದಿನ ಎರಡು ವಚನ ಹಸಿವು, ತೃಪ್ತಿ, ಕೊರತೆಗಳ ಬಗ್ಗೆ. ಅದು ತಾಳಿಕೊಳ್ಳುವ ಬಲದ ಮಾತು, ಮೊದಲ ರ್‍ಯಾಂಕಿನದ್ದಲ್ಲ. ವಚನ ಆರಿಸುವ ಮೊದಲು ಇಡೀ ಅಧ್ಯಾಯ ಓದಿ.

ಎರಡನೇ ತಪ್ಪು, ಆಗದ್ದನ್ನು ಆಗಿದೆ ಎನ್ನುವುದು. ಕಂತಿನವರು ಮಂಗಳವಾರ ಬಾಗಿಲಿಗೆ ಬರುವಾಗ 'ನಾನು ಸಾಲಮುಕ್ತ' ಎಂದರೆ ಮನಸ್ಸೇ ಸುಳ್ಳು ಎನ್ನುತ್ತದೆ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ತಮ್ಮ ಬಗ್ಗೆ ಕೀಳರಿಮೆ ಇದ್ದವರು ಹೊಗಳಿಕೆಯ ವಾಕ್ಯ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದ್ದು ಕಂಡಿತ್ತು. ರೋಮಾಪುರದವರಿಗೆ 10:9 ಬಾಯಿಂದ ಅರಿಕೆ ಮಾಡಲು ಹೇಳುವುದು ಯೇಸುವೇ ಕರ್ತನೆಂದು. ಹೊಸ ಬೈಕಿನ ಹೆಸರನ್ನಲ್ಲ.

ದಿನಕ್ಕೊಂದು ವಚನ ಓದುವುದು ಹಳೆಯ ರೂಢಿ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಅದು 1728ರಲ್ಲೇ ಶುರುವಾಯಿತು. 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಅಂಥದೇ ಭಕ್ತಿಯ ಪರಂಪರೆಯದು. ಓದಲು ದಿನಾ ಹೊಸ ವಚನ ಇರಲಿ. ಅರಿಕೆಗೆ ಮಾತ್ರ 40 ದಿನ ಒಂದೇ ವಚನ, ಈಸ್ಟರಿಗೆ ಮುಂಚಿನ ಶ್ರಮೆಯ ಕಾಲದ ಎಣಿಕೆಯಂತೆ ಭಾನುವಾರ ಬಿಟ್ಟು. ದಿನಾ ಬದಲಿಸಿದರೆ ಯಾವುದೂ ಬಾಯಿಪಾಠವಾಗದು.

ಬಲಪುಟದಲ್ಲಿ 40 ಚೌಕ ಗೀಚಿ. ಕೆಲಸ ಆದರೆ ಗುರುತು. ಆಗದಿದ್ದರೆ ಚೌಕದಲ್ಲಿ ಒಂದೇ ಪದ: ಜ್ವರ, ಮದುವೆ, ಆಲಸ್ಯ. ವಾರದಲ್ಲಿ ಮೂರು ಸಲ ಒಂದೇ ಪದ ಬಂದರೆ ಹೊತ್ತು ಬದಲಿಸಿ. ಎರಡು ದಿನ ತಪ್ಪಿದರೆ ಮೂರನೇ ದಿನ 120 ಲೆಕ್ಕಕ್ಕೆ ಕೂರಬೇಡಿ, ಆ ದಿನವೂ ಕೈತಪ್ಪುತ್ತದೆ. 20 ಮಾಡಿ ಎದ್ದೇಳಿ, ಪ್ರಲಾಪಗಳು 3:22-23 ಓದಿ. ಜಾತ್ರೆ, ಮದುವೆಯ ದಿನಗಳಿಗೆ ಮುಂಚೆಯೇ ಅರ್ಧ ಪಾಲು ಬರೆದಿಡಿ.

ಸಭೆಯ ಒಬ್ಬರೇ ಒಬ್ಬರಿಗೆ ನೋಟ್‌ಬುಕ್ ತೋರಿಸಿ. ಭಾನುವಾರ ಆರಾಧನೆಯ ನಂತರ ಹತ್ತು ನಿಮಿಷ, ಎರಡೇ ಪ್ರಶ್ನೆ: ಎಷ್ಟು ಚೌಕ ತುಂಬಿತು, ಅಡ್ಡ ಬಂದದ್ದು ಏನು? ಸಾಲದ ಮೊತ್ತವನ್ನು ಪ್ರಾರ್ಥನಾ ಕೂಟದಲ್ಲಿ ಹೇಳುವುದು ಬೇಡ. ಕೂಟ ಮುಗಿಯುವಷ್ಟರಲ್ಲಿ ಅದು ಓಣಿಯೆಲ್ಲಾ ತಿರುಗಿರುತ್ತದೆ. ಎರಡು ವಾರ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅರಿಕೆ ಔಷಧವಲ್ಲ. ವೈದ್ಯರನ್ನು ಕಾಣಿ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ನಲವತ್ತು ಮುಗಿದ ಮೇಲೆ ಚೌಕ ಎಣಿಸಿ. 28ಕ್ಕಿಂತ ಹೆಚ್ಚು ತುಂಬಿದ್ದರೆ ಕೆಲಸ ಸ್ವಲ್ಪ ಏರಿಸಿ, ಹೊಸ ವಚನ ತೆಗೆದುಕೊಳ್ಳಿ. 20ಕ್ಕಿಂತ ಕಡಿಮೆ ಇದ್ದರೆ ಕೆಲಸವನ್ನು ಅರ್ಧಕ್ಕಿಳಿಸಿ, ವಚನ ಅದೇ ಇರಲಿ. ನಡುವೆ ಇದ್ದರೆ ಏನೂ ಬದಲಿಸದೆ ಇನ್ನೊಂದು ಸುತ್ತು ನಡೆಸಿ.