ಬಸ್ ಟಿಕೆಟಿನ ಹಿಂದೆ ಬರೆದಿದ್ದ 49ಎ

2019ರ ಏಪ್ರಿಲ್ 18, ಲೋಕಸಭೆ ಚುನಾವಣೆ. ಉಡುಪಿ ಕಡೆಯ ಒಂದು ಶಾಲೆಯಲ್ಲಿ ನನಗೆ ಪಿಆರ್‌ಒ ಡ್ಯೂಟಿ. ಅಂದ್ರೆ ಪ್ರಿಸೈಡಿಂಗ್ ಆಫೀಸರ್, ಆ ಬೂತಿನ ಪೂರ್ತಿ ಜವಾಬ್ದಾರಿ. ಹತ್ತು ಗಂಟೆ ಹೊತ್ತಿಗೆ ಒಬ್ಬರು ಬಂದರು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟ ಮುಖ. ಮುಂಬೈಯಲ್ಲಿ ಹೋಟೆಲ್ ಕೆಲಸವಂತೆ, ಓಟು ಹಾಕಲಿಕ್ಕೆಂದೇ ರಜೆ ಕೇಳಿ ಊರಿಗೆ ಬಂದಿದ್ದರು. ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅವರ ಹೆಸರಿಲ್ಲ.

ಅವರು ಗಾಬರಿಯಾಗಲಿಲ್ಲ. ಕಿಸೆಯಿಂದ ಬಸ್ ಟಿಕೆಟ್ ತೆಗೆದು ತಿರುಗಿಸಿದರು. ಹಿಂದೆ ನೀಲಿ ಪೆನ್ನಿನಲ್ಲಿ ಬರೆದುಕೊಂಡಿದ್ದರು: 49ಎ, ಚಾಲೆಂಜ್ ವೋಟ್, ಆಧಾರ್ ಸಾಕು. ಬೂತಿನೊಳಗೆ ಮೊಬೈಲ್ ಬಿಡುವುದಿಲ್ಲ ಅಂತ ವಾಟ್ಸಾಪ್ ಮೆಸೇಜನ್ನು ಕೈಯಲ್ಲಿ ಬರೆದು ತಂದಿದ್ದರು.

ಆ ಮೆಸೇಜ್ ನನಗೂ ಬಂದಿತ್ತು. ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚುನಾವಣಾ ನಿಯಮ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ನಿಮ್ಮ ಓಟು ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಒಂದು ಬೂತಿನಲ್ಲಿ ಶೇ. 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಮರುಮತದಾನ. ಇಷ್ಟರಲ್ಲಿ ನಿಜ ಇರುವುದು ಒಂದೇ. ಬೇರೆಯವರು ನಿಮ್ಮ ಹೆಸರಲ್ಲಿ ಓಟು ಹಾಕಿದ್ದರೆ, ನೀವು ಯಾರೆಂದು ಖಾತ್ರಿಯಾದ ಮೇಲೆ 49ಪಿ ನಿಯಮದಂತೆ ಕಾಗದದ ಮತಪತ್ರ ಕೊಡುತ್ತಾರೆ. ಚಾಲೆಂಜ್ ಅನ್ನುವುದು ಓಟೇ ಅಲ್ಲ. ಬಂದವರು ಅಸಲಿ ಮತದಾರ ಅಲ್ಲ ಅಂತ ಬೂತಿನಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರು 2 ರೂಪಾಯಿ ಕಟ್ಟಿ ತಕರಾರು ಎತ್ತುವುದು. 49ಎ ಇರುವುದು ಮತಯಂತ್ರ ಹೇಗಿರಬೇಕು ಅನ್ನುವುದರ ಬಗ್ಗೆ. 14 ಪರ್ಸೆಂಟ್ ಅಂತ ಯಾವ ನಿಯಮವೂ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಓಟು ಇಲ್ಲ, ಅಷ್ಟೇ.

ಇದನ್ನೆಲ್ಲ ಆದಷ್ಟು ಮೆತ್ತಗೆ ಹೇಳಿದೆ. ಅವರು ಟಿಕೆಟ್ ಮಡಚಿದರು. "ಎಲ್ಲ ಮೊದಲೇ ಫಿಕ್ಸ್ ಆಗಿದೆ ಅಲ್ವಾ ಮೇಡಂ" ಅಂತ ಹೇಳಿ ಹೊರಟರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆ ಮೆಸೇಜ್ ನಂಬದಿದ್ದರೆ ಎರಡು ತಿಂಗಳು ಮೊದಲೇ ಪಟ್ಟಿ ನೋಡುತ್ತಿದ್ದರೋ ಏನೋ. ಸುಳ್ಳು ಅವರ ಓಟನ್ನೂ ತೆಗೆಯಿತು, ಬೂತಿನ ಮೇಲಿನ ನಂಬಿಕೆಯನ್ನೂ ತೆಗೆಯಿತು. 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮದೇ ರಾಜ್ಯದ ಸಂತೇಮರಹಳ್ಳಿಯಲ್ಲಿ ಫಲಿತಾಂಶ ನಿಂತದ್ದು ಒಂದೇ ಒಂದು ಓಟಿನ ಮೇಲೆ.

ಅದರ ನಂತರ ನಾನು ಸುಮ್ಮನೆ ಕೂರಲಿಲ್ಲ. ಆದರೆ ಮೊದಲು ಮಾಡಿದ್ದು ತಪ್ಪು ದಾರಿಯಲ್ಲಿ. ಕುಟುಂಬದ ಗ್ರೂಪಿನಲ್ಲಿ ಮಾವ ಒಂದು ವಿಡಿಯೋ ಹಾಕಿದ್ದರು. ಜನ ಅಂಗಡಿಗೆ ಕಲ್ಲು ಹೊಡೆಯುತ್ತಿದ್ದಾರೆ, ಕೆಳಗೆ "ಇದು ನಮ್ಮ ಮಂಗಳೂರು, ಓಟು ಹಾಕುವ ಮೊದಲು ನೋಡಿ" ಅಂತ. ನಾನು ಎಲ್ಲರೆದುರೇ "ಇದು ಸುಳ್ಳು, ಡಿಲೀಟ್ ಮಾಡಿ" ಅಂತ ಬರೆದೆ. ಮಾವ ಗ್ರೂಪನ್ನೇ ಬಿಟ್ಟರು. ಬೇರೆ ನಾಲ್ಕು ಗ್ರೂಪಿಗೆ ಅದೇ ವಿಡಿಯೋ ಹೋಯಿತು. ಅರವತ್ತು ದಾಟಿದವರಿಗೆ ಮಕ್ಕಳ ಎದುರು ಹಾಗೆ ಹೇಳಬಾರದಿತ್ತು.

ಮರುವಾರ ಅವರ ಮನೆಗೆ ಹೋದೆ. ಚಾ ಕುಡಿದು, ಮಳೆ, ತೋಟ, ಅಡಿಕೆ ರೇಟು ಎಲ್ಲ ಮಾತಾಡಿ ಆದ ಮೇಲೆ "ಮಾವ, ಆ ವಿಡಿಯೋ ಇನ್ನೊಮ್ಮೆ ಹಾಕಿ, ಒಟ್ಟಿಗೆ ನೋಡುವ" ಅಂದೆ. ಮಧ್ಯೆ ಮಧ್ಯೆ ನಿಲ್ಲಿಸುತ್ತಾ ನೋಡಿದೆವು. ಒಂದು ಕಡೆ ಹಸಿರು ಬಣ್ಣದ ಆಟೋ, ಬದಿಗೆ ಕಬ್ಬಿಣದ ಜಾಲರಿ. "ನಮ್ಮ ಸ್ಟ್ಯಾಂಡಿನಲ್ಲಿ ಇಂಥ ಆಟೋ ಉಂಟಾ ಮಾವ?" ಅವರು ಕನ್ನಡಕ ಸರಿ ಮಾಡಿದರು. ಇನ್ನೊಂದು ಕಡೆ ಅಂಗಡಿಯ ಬೋರ್ಡು. ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ, ಬಂಗಾಳಿ. ಆ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದೆ. ಬಾಂಗ್ಲಾದೇಶದ ಹಳೇ ವಿಡಿಯೋ ಎಂದು ಗೊತ್ತಾಯಿತು. ನಾನು ಬೇರೆ ಏನೂ ಹೇಳಲಿಲ್ಲ. ಸಂಜೆ ಮಾವ ತಾವೇ ಆ ನಾಲ್ಕೂ ಗ್ರೂಪಿನಲ್ಲಿ "ಇದು ನಮ್ಮ ಊರಿನದ್ದಲ್ಲ" ಅಂತ ಬರೆದಿದ್ದರು.

ಅಂದಿನಿಂದ ಗ್ರೂಪಿನಲ್ಲಿ ಯಾರನ್ನೂ ತಿದ್ದುವುದಿಲ್ಲ. ಫೋನ್ ಮಾಡುತ್ತೇನೆ, ಇಲ್ಲವೇ ಮನೆಗೆ ಹೋಗುತ್ತೇನೆ. ಪಕ್ಷದ ಮಾತು ನನ್ನ ಬಾಯಿಂದ ಬರುವುದಿಲ್ಲ. ಸರಕಾರಿ ನೌಕರಳು ಅನ್ನುವುದು ಒಂದು ಕಾರಣ. ಇನ್ನೊಂದು, ಪಕ್ಷದ ಹೆಸರೆತ್ತಿದ ಕ್ಷಣ ಎದುರಿಗಿದ್ದವರ ಕಿವಿ ಮುಚ್ಚುತ್ತದೆ. ನಾನು ಕೇಳುವುದು ಇಷ್ಟೇ: ಇದು ಎಲ್ಲಿಯದು, ಯಾವಾಗಿನದು, ನಿಮಗೆ ಯಾರು ಕಳಿಸಿದ್ದು?

ಓಟಿನ ನಿಯಮದ ಸುಳ್ಳಿಗೆ ಮಾತ್ರ ಕಾಯಬಾರದು ಅಂತ ಅನುಭವದಿಂದ ಕಲಿತೆ. ನಾಮಪತ್ರದ ಹೊತ್ತಿಗಾಗಲೇ ಹೆಸರು ಸೇರಿಸುವ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ 2024ರ ಜನವರಿಯಲ್ಲೇ ತುಳುವಿನಲ್ಲಿ ಒಂದು ಸಣ್ಣ ವಾಯ್ಸ್ ಮೆಸೇಜ್ ಮಾಡಿದೆ. ಕಾರ್ಡು ಇದ್ದ ಮಾತ್ರಕ್ಕೆ ಓಟಿಲ್ಲ, ಹೆಸರು ಪಟ್ಟಿಯಲ್ಲಿರಬೇಕು, ಇವತ್ತೇ ನೋಡಿ, ಗೊತ್ತಾಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ನನ್ನ ಹೆಸರು, ಊರು, ತಾರೀಕು ಎಲ್ಲ ಅದರಲ್ಲೇ ಹೇಳಿದೆ. ಮುಂಬೈಯಲ್ಲಿರುವ ನಮ್ಮವರಿಗೆ ಒಬ್ಬೊಬ್ಬರಿಗೇ ಕಳಿಸಿದೆ. ಊರಿನ ಪಟ್ಟಿಯಲ್ಲಿ ಹೆಸರು ಇರಬೇಕಾದರೆ ಇಲ್ಲೇ ವಾಸ ಇರಬೇಕು ಅಂತಲೂ ಹೇಳಬೇಕಾಯಿತು. ಕೆಲವರಿಗೆ ಬೇಸರವಾಯಿತು. ಊರಿಗೇ ವಾಪಸ್ ಬಂದಿದ್ದ ಚಿಕ್ಕಮ್ಮನ ಮಗ ತನ್ನ ಹೆಸರಿಲ್ಲ ಅಂತ ಆಗಲೇ ನೋಡಿ, ಹೆಸರು ಸೇರಿಸುವ ಫಾರ್ಮ್ 6 ತುಂಬಿದ. ಏಪ್ರಿಲ್ 26ರ ಮಧ್ಯಾಹ್ನ ಶಾಯಿ ಹಚ್ಚಿದ ಬೆರಳಿನ ಫೋಟೋ ಕಳಿಸಿದ.

ವಿಡಿಯೋ ಆದರೆ ಬೋರ್ಡು, ಆಟೋ, ನಂಬರ್ ಪ್ಲೇಟ್ ಏನಾದರೂ ಸಿಗುತ್ತದೆ. ಕೆಎ 19, ಕೆಎ 20 ಕಂಡರೆ ನಮ್ಮ ಕಡೆಯದ್ದಿರಬಹುದು ಅಂತ ಒಂದು ಎಳೆ ಸಿಗುತ್ತದೆ. ನನಗೆ ಕಷ್ಟ ಆಗಿರುವುದು ಹೆಸರು, ತಾರೀಕು ಇಲ್ಲದ ತುಳು ಆಡಿಯೋಗಳು. ನಮ್ಮದೇ ಧಾಟಿ, ಪಕ್ಕದ ಮನೆಯವರು ಮಾತಾಡಿದ ಹಾಗೆ. ಲೆನ್ಸಿಗೆ ಹಾಕಲಿಕ್ಕೆ ಚಿತ್ರ ಇಲ್ಲ.

ಮೊನ್ನೆ ರಾತ್ರಿ ಮಾವ ಅಂಥದ್ದೊಂದನ್ನು ಕಳಿಸಿ, ಕೆಳಗೆ "ಉಂದು ಸತ್ಯನಾ?" (ಇದು ನಿಜವಾ?) ಅಂತ ತುಳುವಿನಲ್ಲಿ ಕೇಳಿದ್ದರು. ಈಗ ಬೇರೆಯವರಿಗೆ ಕಳಿಸುವ ಮೊದಲು ನನ್ನನ್ನು ಕೇಳುತ್ತಾರೆ. ಯಾರು ಕಳಿಸಿದ್ದು ಅಂತ ವಿಚಾರಿಸಿ ಮಾವ ಅಂದೆ. ಅವರು ಕಾಪುವಿನ ಸ್ನೇಹಿತರನ್ನು ಕೇಳಿದರು. ಆ ಸ್ನೇಹಿತರು ತಮ್ಮ ಬಾವನನ್ನು ಕೇಳಿದರು. ಬಾವ ಮುಂಬೈಯ ಒಬ್ಬರಿಗೆ ಫೋನ್ ಹಚ್ಚಿದರು. "ನನಗೂ ಯಾರೋ ಕಳಿಸಿದ್ದು" ಅಂದರಂತೆ ಅವರು. ಅಲ್ಲಿಗೆ ನಿಂತಿತು. ಮಾವ ಅದನ್ನು ಯಾರಿಗೂ ಕಳಿಸಲಿಲ್ಲ.