ಮಕ್ಕಳಿಗೆ ಫುಟ್‌ಬಾಲ್ ಕೋಚಿಂಗ್ ಹುಡುಕುವಾಗ ಚೆಂಡಿನ ಮೇಲೆ ಕಣ್ಣಿಡಿ

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ನಮ್ಮ ರಾಜಾಜಿನಗರದ ಗೋಡೆ, ಕರೆಂಟ್ ಕಂಬಗಳ ಮೇಲೆಲ್ಲ ಫುಟ್‌ಬಾಲ್ ಕ್ಯಾಂಪ್ ಪೋಸ್ಟರ್. ಮಗನ ಶಾಲೆಯ ಅಮ್ಮಂದಿರು ಯಾವುದಕ್ಕೆ ಸೇರಿಸೋಣ ಅಂತ ನನ್ನನ್ನು ಕೇಳುತ್ತಾರೆ. ನನ್ನ ಮಗಳು ಕೆಲವು ವರ್ಷದಿಂದ ಆಡುತ್ತಿದ್ದಾಳೆ, ಮಗನೂ ಈಗ ಶುರು ಮಾಡಿದ್ದಾನೆ, ಅದಕ್ಕೆ. ನಾನು ಹೇಳೋದು ಇಷ್ಟೇ: ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಹೋಗಿ ಗ್ರೌಂಡ್ ಪಕ್ಕ ಸುಮ್ನೆ ನಿಂತುಕೊಳ್ಳಿ.

ನಿಂತು ಏನು ನೋಡಬೇಕು? ಚೆನ್ನಾಗಿ ಆಡುವ ಹುಡುಗನನ್ನಲ್ಲ. ಮೂಲೆಯಲ್ಲಿರುವ, ಸ್ವಲ್ಪ ಹೆದರುವ ಒಂದು ಮಗುವನ್ನು ಆರಿಸಿಕೊಳ್ಳಿ. ಐದು ನಿಮಿಷದಲ್ಲಿ ಚೆಂಡು ಅದರ ಕಾಲಿಗೆ ಎಷ್ಟು ಸಲ ಸಿಕ್ಕಿತು, ಎಣಿಸಿ. ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಒಂದು ಚೆಂಡಿಗೆ ಕಾಯುತ್ತಿದ್ದರೆ ಅದು ಕೋಚಿಂಗ್ ಅಲ್ಲ, ರೇಷನ್ ಅಂಗಡಿ ಕ್ಯೂ. ಏಳೆಂಟು ವರ್ಷದವರಿಗೆ ತಲೆಗೊಂದು ಚೆಂಡು ಇರಲೇಬೇಕು. ಮ್ಯಾಚ್ ಆಡಿಸಿದರೂ ನಾಲ್ಕೈದು ಜನರ ಪುಟ್ಟ ಟೀಮ್ ಸಾಕು. ಇಂಗ್ಲೆಂಡಿನಲ್ಲೇ 12 ವರ್ಷದೊಳಗಿನವರಿಗೆ ಹನ್ನೊಂದು ಜನರ ಮ್ಯಾಚ್ ಇಲ್ಲ, ಹೆಚ್ಚೆಂದರೆ ಒಂಬತ್ತೊಂಬತ್ತು ಜನ ಆಡುತ್ತಾರೆ. ನಮ್ಮಲ್ಲಿ ಚಿಕ್ಕ ಮಕ್ಕಳನ್ನು ದೊಡ್ಡ ಗ್ರೌಂಡಿಗೆ ಬಿಟ್ಟು, "ಓಡು, ಓಡು" ಅಂತ ಕೂಗಿದರೆ ಏನು ಬಂತು?

ಎಲ್ಲಿ ಹುಡುಕೋದು? ಮೊದಲು ನಿಮ್ಮ ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿ. ಅವರಿಗೆ ಸುತ್ತಮುತ್ತಲ ಕೋಚ್‌ಗಳೆಲ್ಲ ಗೊತ್ತಿರುತ್ತಾರೆ. ಗರುಡಾ ಮಾಲ್ ಹತ್ತಿರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆ ಇದೆ. ಅಲ್ಲಿ ಲೀಗ್ ಮ್ಯಾಚ್ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗಿ, ಯಾವ ಕ್ಲಬ್‌ನಲ್ಲಿ ಮಕ್ಕಳ ಟೀಮ್ ಇದೆ ಅಂತ ವಿಚಾರಿಸಿ. ಬೆಂಗಳೂರು ಎಫ್‌ಸಿ ಕ್ಲಬ್‌ನದ್ದೂ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಸಾಕರ್ ಸ್ಕೂಲ್ ಇದೆ. ಇನ್ನು ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಹೋದರೆ ಫುಟ್‌ಬಾಲ್ ಬೀದಿಯಲ್ಲೇ ಇದೆ. ಗೌತಮಪುರದಲ್ಲಿ ಬ್ರೆಜಿಲ್ ಆಟಗಾರ ಪೆಲೆಯ ಪ್ರತಿಮೆಯೂ ಇದೆ, ಮಕ್ಕಳಿಗೆ ಒಮ್ಮೆ ತೋರಿಸಿ. ಆದರೆ ರಾಜಾಜಿನಗರದಿಂದ ದಿನಾ ಸಂಜೆ ಆ ಟ್ರಾಫಿಕ್‌ನಲ್ಲಿ ಹೋಗಿ ಬರುತ್ತೇನೆ ಅನ್ನಬೇಡಿ. ಒಳ್ಳೆಯ ಕೋಚ್ ದೂರದಲ್ಲಿ, ಸುಮಾರಾದ ಕೋಚ್ ಪಕ್ಕದ ಬೀದಿಯಲ್ಲಿ ಅಂದರೆ, ಹತ್ತು ವರ್ಷ ಆಗುವವರೆಗೆ ನಾನು ಪಕ್ಕದ ಬೀದಿಗೇ ಕಳಿಸುತ್ತೇನೆ.

ಕೋಚ್ ಹತ್ತಿರ ಮಾತಾಡುವಾಗ ಸಂಕೋಚ ಬೇಡ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕೋಚ್‌ಗಳಿಗೆ ಕೊಡುವ ಡಿ ಲೈಸೆನ್ಸ್ ಆದರೂ ಇದೆಯಾ? ಮಳೆ ಬಂದು ತಪ್ಪಿದ ಕ್ಲಾಸ್‌ಗೆ ಬದಲಿ ಕೊಡುತ್ತೀರಾ? ಫೀಸ್‌ನಲ್ಲಿ ಜೆರ್ಸಿ ಸೇರಿದೆಯಾ, ಬೇರೆಯಾ? ಹೆಣ್ಣುಮಕ್ಕಳಿದ್ದರೆ ಶೌಚಾಲಯವನ್ನು ನೀವೇ ಹೋಗಿ ನೋಡಿ. ಬ್ಯಾಚ್‌ನಲ್ಲಿ ಇನ್ನೂ ಒಂದಿಬ್ಬರು ಹುಡುಗಿಯರಿದ್ದರೆ ಮಗಳು ತಾನಾಗೇ ಹೊರಡುತ್ತಾಳೆ. "ಹುಡುಗಿ ಆಡಿ ಏನಾಗಬೇಕು" ಅನ್ನುವ ನೆಂಟರಿಗೆ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಫೈನಲ್ ಆಡಿದ್ದನ್ನು ಹೇಳಿ. ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯೋದು, ಹೇಳಿಕೊಡುತ್ತಿದ್ದರೆ ಬೇಡ ಅನ್ನಿ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷದವರೆಗಿನ ಮಕ್ಕಳಿಗೆ ಅದನ್ನು ನಿಲ್ಲಿಸಿದರು.

ಸಾಮಾನಿನ ವಿಷಯ. ಎಂಟು ವರ್ಷದೊಳಗೆ 3ನೇ ಸೈಜ್ ಚೆಂಡು, 12ರವರೆಗೆ 4, ಆಮೇಲೆ 5. "ಹೇಗೂ ಬೆಳೀತಾನೆ" ಅಂತ 5 ತಂದರೆ ಪುಟ್ಟ ಕಾಲಿಗೆ ಅದು ಭಾರ. ಕೃತಕ ಹುಲ್ಲಿನ ಟರ್ಫ್‌ಗೆ ಚಿಕ್ಕ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ಸಾಕು, ಉದ್ದ ಸ್ಟಡ್ ಬೇಡ. ನಮ್ಮ ಮಾವನವರು "ನಾವು ಬರಿಗಾಲಲ್ಲೇ ಆಡಿದವರು" ಅನ್ನುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್, ಆ ತಂಡದ ಹೆಚ್ಚಿನವರ ಕಾಲಲ್ಲಿ ಶೂ ಇರಲಿಲ್ಲ. ಸರಿ ಮಾವ, ಆದರೆ ಟರ್ಫ್ ಮೇಲೆ ಬರಿಗಾಲಲ್ಲಿ ಜಾರಿದರೆ ಚರ್ಮ ಕಿತ್ತುಬರುತ್ತದೆ.

ವಾರಕ್ಕೆ ಎರಡು ಮೂರು ಕ್ಲಾಸ್‌ನಲ್ಲಿ ಸಿಗುವ ಚೆಂಡು ಸಾಲದು, ಅದಕ್ಕೇ ಮನೆ ಅಭ್ಯಾಸ. ನಾವಿರೋದು ಎರಡನೇ ಮಹಡಿಯ ಬಾಡಿಗೆ ಮನೆ. ಮಧ್ಯಾಹ್ನ ಕೆಳಗೆ ಓನರ್ ಆಂಟಿ ಮಲಗುತ್ತಾರೆ. ಆ ಹೊತ್ತಿಗೆ ಒಳಗೆ ಬಟ್ಟೆ ಚೆಂಡು: ಹಳೇ ಸಾಕ್ಸ್‌ಗೆ ಚಿಂದಿ ತುಂಬಿ ಬಿಗಿಯಾಗಿ ಹೊಲಿದರೆ ಆಯ್ತು, ಪುಟಿಯುವುದೂ ಇಲ್ಲ, ಟೀವಿ ಒಡೆಯುವುದೂ ಇಲ್ಲ. ಅದನ್ನು ಎರಡು ಪಾದಗಳ ಒಳಬದಿಯಿಂದ ಎಡಕ್ಕೆ ಬಲಕ್ಕೆ ತಟ್ಟುತ್ತಾ ಹಾಲ್‌ನಿಂದ ಅಡುಗೆಮನೆ ಬಾಗಿಲವರೆಗೆ ಬರಬೇಕು.

ನಿಜವಾದ ಚೆಂಡು ಸಂಜೆ ಟೆರೇಸ್‌ನಲ್ಲಿ, ಗಾಳಿ ಸ್ವಲ್ಪ ಕಡಿಮೆ ಮಾಡಿ. ಪ್ಯಾರಾಪೆಟ್ ಗಿಡ್ಡ ಇದ್ದರೆ ಅಲ್ಲಿ ಬೇಡ, ಕೆಳಗೆ ಕಾರ್ ನಿಲ್ಲಿಸುವ ಜಾಗವೇ ವಾಸಿ. ಟೆರೇಸ್‌ನಲ್ಲಾದರೆ ಮಗುವನ್ನು ಸಿಂಟೆಕ್ಸ್ ಪೈಪ್ ಇರುವ ಕಡೆಗೆ ಬೆನ್ನು ಮಾಡಿ ನಿಲ್ಲಿಸಿ.

ಗೋಡೆ ಆಟಕ್ಕೆ ಜಾಸ್ತಿ ಸಮಯ ಕೊಡಿ. ಗೋಡೆ ಮೇಲೆ ಮೊಣಕಾಲೆತ್ತರಕ್ಕಿಂತ ಕೆಳಗೆ ಚಾಕ್‌ಪೀಸ್‌ನಲ್ಲಿ ಒಂದು ಚೌಕ ಬರೆಯಿರಿ. ಮಗು ನಾಲ್ಕೈದು ಹೆಜ್ಜೆ ದೂರ ನಿಲ್ಲಲಿ. ಊರಿದ ಕಾಲು ಚೆಂಡಿನ ಪಕ್ಕದಲ್ಲೇ ಇರಬೇಕು, ಅದರ ಹೆಬ್ಬೆರಳು ಚೌಕದ ಕಡೆ ನೋಡುತ್ತಿರಬೇಕು. ಹೊಡೆಯುವ ಕಾಲಿನ ಪಾದದ ಕೀಲು ಸಡಿಲ ಬಿಡದೆ, ಪಾದದ ಒಳಬದಿಯಿಂದ ತಳ್ಳಬೇಕು. ವಾಪಸ್ ಬಂದ ಚೆಂಡು ಕಾಲಿಗೆ ತಾಗುವಾಗ ಪಾದವನ್ನು ಚೂರು ಹಿಂದಕ್ಕೆ ತೆಗೆದುಕೊಂಡರೆ ಅದು ಅಲ್ಲೇ ನಿಲ್ಲುತ್ತದೆ. ಒಂದು ಮುಟ್ಟಿಗೆ ನಿಲ್ಲಿಸು, ಇನ್ನೊಂದಕ್ಕೆ ಹೊಡೆ. ಬಲಗಾಲಿಗೆ ಎಷ್ಟೋ ಎಡಗಾಲಿಗೂ ಅಷ್ಟೇ. ಮಗ ಎಡಗಾಲು ಅಂದರೆ ಮುಖ ಸಿಂಡರಿಸುತ್ತಾನೆ. ಅಕ್ಕನ ಜೊತೆ ಪಂದ್ಯ ಕಟ್ಟಿದರೆ ಮಾಡುತ್ತಾನೆ. ಚೆಂಡು ನೆಲಕ್ಕೆ ಬೀಳದಂತೆ ಕಾಲಲ್ಲಿ ಎತ್ತುತ್ತಲೇ ಇರುವ ಜಗ್ಲಿಂಗ್‌ಗೆ ಅವಸರ ಬೇಡ, ಕಾಲಲ್ಲಿ ಒಂದು ಸಲ ಎತ್ತಿ, ನೆಲಕ್ಕೆ ಪುಟಿಯಲು ಬಿಟ್ಟು, ಮತ್ತೆ ಎತ್ತಲಿ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಹಿಮ್ಮಡಿ ನೋವು ಅಂತ ಮತ್ತೆ ಮತ್ತೆ ಹೇಳಿದರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಬೆಳೆಯುವ ವಯಸ್ಸಿನಲ್ಲಿ ಅದು ಬರುತ್ತದೆ.

ಮಗು ಟೂರ್ನಮೆಂಟ್ ಆಡುವ ಮಟ್ಟಕ್ಕೆ ಬಂತೋ, ವಯಸ್ಸಿನ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ರಿಜಿಸ್ಟರ್ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಮ್ಯಾಚ್ ಹಿಂದಿನ ದಿನ ಅದನ್ನು ಸರಿಮಾಡಿಸಲು ಆಗುವುದಿಲ್ಲ.